ಸಂಜೆಯ ಬಾನುಲಿ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಾಡು ಧಾರವಾಡಕ್ಕೆ ಹೋಗಿ ಬಂದ ಕತೆ

ಹಾವೇರಿ: ಒಂದು ಹಾಡು ಕೇಳಬೇಕೆಂದರೆ ಸಂಜೆತನಕ ಕಾಯಬೇಕಿತ್ತು, ಅದೂ ಊರಿನಲ್ಲಿ ರೇಡಿಯೊ ಇದ್ದ ಅಂಗಡಿ ಕಟ್ಟೆಗೆ ಹೋಗಿ ಕೂಡಬೇಕಿತ್ತು ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಆದರೆ ನಮ್ಮ ಜಿಲ್ಲೆಯ ಮಂದಿ ಸುಮಾರು ಎರಡು ತಲೆಮಾರು ಹಾಗೇ ಹಾಡು ಕೇಳಿದ್ದಾರೆ. ಹಾಗೆ ಕೇಳಿದ ಹಾಡುಗಳಲ್ಲಿ ಎಷ್ಟೋ ಇದೇ ನೆಲದವು. ಶಿಶುನಾಳದ ಶರೀಫರ ಪದ, ಬಾಡದ ಕನಕದಾಸರ ಕೀರ್ತನೆ, ಸವಣೂರಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಭಾವಗೀತೆ. ಇಲ್ಲಿಂದ ಹೋದ ಹಾಡು ಧಾರವಾಡದ ಸ್ಟುಡಿಯೊ ಹೊಕ್ಕು, ಬೇರೆ ಅಂಗಿ ತೊಟ್ಟುಕೊಂಡು, ಗಾಳಿಯಲ್ಲಿ ವಾಪಸ್ ಬಂತು. ಹೋಗುವಾಗ ಒಂದು ಸಾಮಾನನ್ನು ಮಾತ್ರ ಬಾಗಿಲ ಹೊರಗೇ ಬಿಟ್ಟು ಹೋಗಬೇಕಾಯಿತು. ಅದು ಪೇಟಿ. ಆ ವಿಷಯಕ್ಕೆ ಮುಂದೆ ಬರೋಣ.

ಧಾರವಾಡ ಬಾನುಲಿ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ದೇಶ ಗಣರಾಜ್ಯ ಆಗಲು ಇನ್ನೂ ಹದಿನೆಂಟು ದಿನ ಬಾಕಿ ಇತ್ತು. ಆಗ ಹಾವೇರಿ ಜಿಲ್ಲೆ ಎಂಬುದೇ ಇರಲಿಲ್ಲ, ಅದು ಆದದ್ದು 1997ರಲ್ಲಿ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಎಲ್ಲಾ ಧಾರವಾಡ ಜಿಲ್ಲೆಗೆ ಸೇರಿದ್ದವು. ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನ. ಅಂದರೆ ಈ ಭಾಗದ ಕನ್ನಡಿಗರು ಆಡಳಿತಕ್ಕೆ ಮುಂಬೈ ಕಡೆ ಮುಖ ಮಾಡಿದ್ದಾಗ, ಮನೆಯ ಭಾಷೆಯಲ್ಲಿ ಮಾತಾಡುವ ಒಂದು ಸರ್ಕಾರಿ ಸ್ಟೇಷನ್ ಸಮೀಪದಲ್ಲೇ ಹುಟ್ಟಿಕೊಂಡಿತು. ಏಕೀಕರಣಕ್ಕೆ ಇನ್ನೂ ಆರು ವರ್ಷ ಇತ್ತು. ಗಡಿಗಳು ಒಂದಾಗುವ ಮುಂಚೆ ದನಿ ಒಂದಾಯಿತು ಎಂದು ಹಿರಿಯರು ಹೇಳುವುದರಲ್ಲಿ ಅತಿಶಯ ಏನಿಲ್ಲ.

ಧಾರವಾಡಕ್ಕೂ ಮುಂಚೆ

ದೇಶದಲ್ಲಿ ವ್ಯವಸ್ಥಿತ ರೇಡಿಯೊ ಪ್ರಸಾರ ಶುರುವಾದದ್ದು 1927ರ ಜುಲೈ 23ರಂದು, ಮುಂಬೈಯಲ್ಲಿ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆಯದು. ಅದರ ಟ್ರಾನ್ಸ್‌ಮಿಟರ್ ಶಕ್ತಿ ಬರೀ ಒಂದೂವರೆ ಕಿಲೋವ್ಯಾಟ್. ಇಂದಿನ ಲೆಕ್ಕದಲ್ಲಿ ಒಂದು ನೀರು ಕಾಯಿಸುವ ಗೀಸರ್‌ನಷ್ಟು. ಕಂಪನಿ ಮೂರು ವರ್ಷದಲ್ಲಿ ದಿವಾಳಿ ಎದ್ದಿತು, 1930ರಲ್ಲಿ ಸರ್ಕಾರ ಕೈಗೆ ತಗೊಂಡಿತು. 1936ರ ಜೂನ್‌ನಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂತು.

ಕನ್ನಡ ನಾಡಿನ ಮಟ್ಟಿಗೆ ಮೊದಲ ಹೆಜ್ಜೆ ಮೈಸೂರಿನದು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೊ ಅದೇ ಹೆಸರು ತಗೊಂಡಿತು. ಆದರೆ ಮೈಸೂರಿನ ಆ ಸಣ್ಣ ಯಂತ್ರದ ದನಿಗೆ ತುಂಗಭದ್ರೆ ದಾಟಿ ಹಾನಗಲ್ಲಿಗೆ ಬರುವ ತಾಕತ್ತು ಎಲ್ಲಿಂದ ಬರಬೇಕು? ಧಾರವಾಡ ಬಂದ ಮೇಲೇ ಈ ಸೀಮೆಗೆ ಕನ್ನಡದ ಬಾನುಲಿ ನಿಜವಾಗಿ ಬಂದದ್ದು.

ಸಂಜೆಯೇ ಯಾಕೆ?

ರೈತರು ಹೊಲದಿಂದ ಬರುವುದು ಸಂಜೆಗೆ, ಅಂಗಡಿಗೆ ಗಿರಾಕಿ ಕೂಡುವುದೂ ಸಂಜೆಗೆ. ಇದು ಎಲ್ಲರಿಗೂ ಗೊತ್ತಿರುವ ಕಾರಣ. ಇನ್ನೊಂದು ಕಾರಣ ಆಕಾಶದಲ್ಲಿದೆ.

ಮೀಡಿಯಂ ವೇವ್ ಅಲೆಗಳು ಹಗಲು ಹೊತ್ತು ನೆಲ ಹಿಡಿದು ಹರಿಯುತ್ತವೆ. ಮೇಲಕ್ಕೆ ಹೋದದ್ದನ್ನು ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿರುವ ಒಂದು ಪದರ ನುಂಗಿಬಿಡುತ್ತದೆ. ಆ ಪದರ ಉಳಿಯುವುದು ಬಿಸಿಲಿನ ಬಲದಿಂದ. ಹೊತ್ತು ಮುಳುಗಿದಂತೆ ಅದು ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲೆ ಹೋಗಿ, ಅಲ್ಲಿಯ ಬೇರೆ ಪದರಕ್ಕೆ ಬಡಿದು ನೂರಾರು ಕಿ.ಮೀ. ದೂರದಲ್ಲಿ ನೆಲಕ್ಕೆ ಇಳಿಯುತ್ತವೆ. ಹಗಲು ಬರೀ ಗೊರಗೊರ ಅನ್ನುತ್ತಿದ್ದ ಜಾಗದಲ್ಲಿ ರಾತ್ರಿ ಎಂಟಕ್ಕೆ ದೂರದೂರಿನ ಸ್ಟೇಷನ್ ಸಿಗುವುದು ಇದೇ ಕಾರಣಕ್ಕೆ. ಒಂದು ಸ್ಟೇಷನ್ ಮೇಲೆ ಇನ್ನೊಂದು ಏರಿ ಕೂತು ಎರಡೂ ಹಾಳಾಗುವುದಕ್ಕೂ ಇದೇ ಕಾರಣ.

ಧಾರವಾಡದಿಂದ ನೇರ ಗೆರೆ ಎಳೆದರೆ ಶಿಗ್ಗಾಂವಿ 60 ಕಿ.ಮೀ. ಒಳಗೇ ಬರುತ್ತದೆ, ಸವಣೂರು ಸುಮಾರು 65, ಹಾನಗಲ್ ಸುಮಾರು 80. ಹಿರೇಕೆರೂರು ಮಾತ್ರ 115 ಕಿ.ಮೀ. ಮೇಲೆ. ರೇಡಿಯೊ ದನಿ ರಸ್ತೆ ಹಿಡಿದು ಬರುವುದಿಲ್ಲ, ನೇರ ಬರುತ್ತದೆ. ಹಾಗಾಗಿ ಬಸ್ ಟಿಕೆಟ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೂರ ಹೆಚ್ಚಾದಷ್ಟೂ ಏರಿಯಲ್ ಎತ್ತರ ಬೇಕು. ಮಾಳಿಗೆ ಮೇಲೆ ಎರಡು ಬಿದಿರುಗಳ ನಡುವೆ ತಾಮ್ರದ ತಂತಿ ಕಟ್ಟಿ ಒಂದು ತುದಿ ಸೆಟ್ಟಿಗೆ ಇಳಿಸುವುದು, ಅರ್ಥಿಂಗಿಗೆ ಬಚ್ಚಲ ನೀರು ಹರಿಯುವ ಹಸಿ ನೆಲದಲ್ಲಿ ಕಬ್ಬಿಣದ ಪೈಪು ಹೂಳುವುದು. ಗುಡುಗು ಮಿಂಚು ಬಂತೆಂದರೆ ಮೊದಲು ಆ ತಂತಿ ಬಿಚ್ಚುವ ಕೆಲಸ.

ಸೆಟ್ಟುಗಳು ವಾಲ್ವ್‌ನವು. ಗುಂಡಿ ತಿರುವಿದ ಕೂಡಲೇ ಹಾಡುತ್ತಿರಲಿಲ್ಲ. ಗಾಜಿನ ವಾಲ್ವ್ ಬಿಸಿಯಾಗಿ ಕೆಂಪಗೆ ಕಾಣಲು ಅರ್ಧ ನಿಮಿಷ ಬೇಕು. ಕೆಲವು ದುಬಾರಿ ಸೆಟ್ಟುಗಳಲ್ಲಿ ಹಸಿರು ಕಣ್ಣಿನಂಥ ದೀಪ, ಸ್ಟೇಷನ್ ಸರಿಯಾಗಿ ಕೂತರೆ ಆ ಕಣ್ಣು ಮುಚ್ಚಿಕೊಳ್ಳುವುದು. ಕರೆಂಟಿಲ್ಲದ ಊರುಗಳಲ್ಲಿ ಬ್ಯಾಟರಿಯೇ ಗತಿ. ವಾಲ್ವ್ ಸೆಟ್ಟಿನ ಡ್ರೈ ಬ್ಯಾಟರಿ ಇಟ್ಟಿಗೆಯಷ್ಟು ದಪ್ಪ, ತೊಂಬತ್ತು ವೋಲ್ಟ್‌ವರೆಗಿನದು, ಅಗ್ಗದ್ದಲ್ಲ. ಇನ್ನು ಕೆಲವು ಸೆಟ್ಟು ಮೋಟಾರಿನ ಬ್ಯಾಟರಿ ಮೇಲೆ ನಡೆಯುತ್ತಿದ್ದವು, ಅದನ್ನು ಚಾರ್ಜಿಗೆ ಪಟ್ಟಣಕ್ಕೆ ಹೊತ್ತೊಯ್ಯಬೇಕು. ಹೀಗಿರುವಾಗ ಇಡೀ ದಿನ ರೇಡಿಯೊ ಹಚ್ಚುವ ಮಾತೆಲ್ಲಿ? ಸಂಜೆ ಒಂದೆರಡು ತಾಸು, ಅಷ್ಟೇ.

ಆ ಒಂದೆರಡು ತಾಸಿನಲ್ಲೇ ವಾರ್ತೆ, ಪೇಟೆ ಧಾರಣೆ, ರೈತರಿಗೆ ಮಾತು, ಹಾಡು ಎಲ್ಲಾ ಬರಬೇಕು. ವರ್ತಕರಿಗೆ ಧಾರಣೆ ಮುಖ್ಯ, ಮಂದಿಗೆ ಹಾಡು ಮುಖ್ಯ. ಧಾರಣೆ ಮುಗಿದ ಕೂಡಲೇ ಸೆಟ್ಟು ಬಂದ್ ಮಾಡುವ ಸಾಹುಕಾರನ ಅಂಗಡಿ ಕಟ್ಟೆ ಖಾಲಿ ಹೊಡೆಯುತ್ತದೆ, ಹಾಡಿನತನಕ ಬಿಡುವ ಚಾದಂಗಡಿಯಲ್ಲಿ ಕಪ್ಪು-ಬಸಿ ಸಾಲದೇ ಬರುತ್ತದೆ. ಯಾಪಾರದ ಲೆಕ್ಕ ಇಷ್ಟು ಸರಳ.

ಅಂಗಡಿ ರೇಡಿಯೊ, ಅಂಚೆ ಕಚೇರಿ ಲೈಸೆನ್ಸು

ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು ಎಂಬುದು ಇಂದು ತಮಾಷೆಯಂತೆ ಕೇಳುತ್ತದೆ. 1933ರ ಒಂದು ಕಾಯಿದೆ ಪ್ರಕಾರ ಪರವಾನಗಿ ಇಲ್ಲದೆ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧ. ಲೈಸೆನ್ಸು ಕೊಡುತ್ತಿದ್ದುದು ಅಂಚೆ ಕಚೇರಿ. ಪಾಸ್‌ಬುಕ್ಕಿನಂಥ ಸಣ್ಣ ಪುಸ್ತಕ, ವರ್ಷವರ್ಷ ನವೀಕರಣ, ಪ್ರತಿ ಸಲ ಅಂಚೆ ಮುದ್ರೆ. ಮನೆ ಸೆಟ್ಟಿಗೆ ಬಹಳ ಕಾಲ ವರ್ಷಕ್ಕೆ 15 ರೂಪಾಯಿ. ಹೋಟೆಲು, ಅಂಗಡಿಯಲ್ಲಿ ಗಿರಾಕಿಗಳಿಗೆ ಕೇಳಿಸುವುದಾದರೆ ವಾಣಿಜ್ಯ ಲೈಸೆನ್ಸು, ಅದಕ್ಕೆ ಇನ್ನೂ ಹೆಚ್ಚು. ಈ ಪದ್ಧತಿ 1980ರ ದಶಕದ ನಡುವಿನವರೆಗೂ ನಡೆಯಿತು.

ಹಾಗಾಗಿ ಅಂಗಡಿಯಲ್ಲಿ ರೇಡಿಯೊ ಇಟ್ಟವರು ಬರೀ ಶೋಕಿಗೆ ಇಟ್ಟಿದ್ದಲ್ಲ. ಸೆಟ್ಟಿನ ದುಡ್ಡು, ಬ್ಯಾಟರಿ ದುಡ್ಡು, ಲೈಸೆನ್ಸು ದುಡ್ಡು ಹಾಕಿ ಊರಿಗೆ ಹಾಡು ಕೇಳಿಸಿದವರು ಅವರು. ಸರ್ಕಾರ 1950ರ ದಶಕದಲ್ಲಿ ಪಂಚಾಯ್ತಿಗಳಿಗೆ ಸಮುದಾಯ ರೇಡಿಯೊ ಸೆಟ್ಟು ಕೊಡುವ ಯೋಜನೆ ಮಾಡಿತು. 1956ರಲ್ಲಿ ಪುಣೆ ಕೇಂದ್ರ ಯುನೆಸ್ಕೊ ನೆರವಿನಿಂದ ಹಳ್ಳಿಗಳಲ್ಲಿ ರೈತರ ಕೇಳು ಕೂಟಗಳನ್ನು ನಡೆಸಿ ನೋಡಿತು. ಮುಂದೆ ಅದೇ ದೇಶಕ್ಕೆ ಹಬ್ಬಿತು. ಆದರೆ ಪಂಚಾಯ್ತಿ ಸೆಟ್ಟಿನ ಹಣೆಬರಹ ಎಲ್ಲಾ ಕಡೆ ಒಂದೇ: ಬ್ಯಾಟರಿ ತೀರಿದರೆ ತರುವವರಾರು, ಕೀಲಿ ಯಾರ ಕೈಯಲ್ಲಿ? ಮುಂದೆ 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಸೆಟ್ಟು ಬಂದವು. ಟಾರ್ಚಿನ ಸೆಲ್ಲು ಹಾಕಿದರೆ ಸಾಕು, ಏರಿಯಲ್ ಬೇಡ. ರೇಡಿಯೊ ಕಟ್ಟೆಯಿಂದ ಎದ್ದು ಹೊಲದ ಬದುವಿಗೆ ಹೋಯಿತು.

ಪೇಟಿಗೆ ಪ್ರವೇಶವಿಲ್ಲ

ನಮ್ಮ ಕಡೆ ಭಜನಾ ಮೇಳ ಎಂದರೆ ಪೇಟಿ, ತಬಲಾ, ತಾಳ. ನಾಟಕ ಎಂದರೆ ಕಾಲ್ಪೇಟಿ. ಪೇಟಿ ಮಾಸ್ತರ ಬಂದ ಮೇಲೇ ತಾಲೀಮು. ಶರೀಫರ ಪದ, ತತ್ವಪದ, ರಂಗಗೀತೆ ಯಾವುದೇ ಇರಲಿ, ದನಿ ಹಿಡಿಯಲು ಪೇಟಿ ಬೇಕು.

ಆದರೆ ಆಲ್ ಇಂಡಿಯಾ ರೇಡಿಯೊ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಅನ್ನು ತನ್ನ ಪ್ರಸಾರದಿಂದಲೇ ಹೊರಗಿಟ್ಟಿತ್ತು. ವಾದ ಏನೆಂದರೆ, ಪೇಟಿಯ ಒಂದೊಂದು ಮನೆಯ ಸ್ವರ ಮೊದಲೇ ಗಟ್ಟಿ ಮಾಡಿಟ್ಟದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದರಲ್ಲಿ ಬರುವುದಿಲ್ಲ. ನಮ್ಮ ರಾಗಗಳ ಸೂಕ್ಷ್ಮ ಶ್ರುತಿ ಅದರಲ್ಲಿ ಕೂಡುವುದಿಲ್ಲ. ಸಾಲದ್ದಕ್ಕೆ ಅದು ಪರದೇಶದ್ದು. ದಿಲ್ಲಿ ಕೇಂದ್ರದಲ್ಲಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್ ಇದರ ವಿರುದ್ಧ ಬರೆದಿದ್ದರು, ರವೀಂದ್ರನಾಥ ಟ್ಯಾಗೋರರೂ ಪೇಟಿಯ ವಿರೋಧಿಗಳ ಸಾಲಿನಲ್ಲಿದ್ದರು. ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಅಂದರೆ ಧಾರವಾಡ ಕೇಂದ್ರದ ಮೊದಲ ಎರಡು ದಶಕ ಈ ನಿಯಮದ ನೆರಳಲ್ಲೇ ಕಳೆಯಿತು.

ಶಾಸ್ತ್ರೀಯ ಸಂಗೀತದ ಮಟ್ಟಿಗೆ ಈ ವಾದಕ್ಕೆ ಅರ್ಥ ಇರಬಹುದು. ಸಾರಂಗಿಯ ಕೆಲಸ ಪೇಟಿ ಮಾಡಲಾರದು. ಆದರೆ ಹಳ್ಳಿಯ ಭಜನಾ ಮೇಳಕ್ಕೂ ಅದೇ ಕೋಲಿನಿಂದ ಅಳೆದದ್ದು ಒರಟು ಕೆಲಸ. ವರ್ಷಾನುಗಟ್ಟಲೆ ಪೇಟಿ ಹಿಡಿದು ಹಾಡಿದವರಿಗೆ ಮೈಕಿನ ಮುಂದೆ ತಂಬೂರಿ ಕೊಟ್ಟು ಹಾಡಿ ಎಂದರೆ, ಈಜು ಬರುವವರಿಗೂ ಬಾವಿ ಬದಲಾದರೆ ಒಂದು ಗಳಿಗೆ ಅಳುಕಾಗುತ್ತದಲ್ಲ, ಹಾಗೆ. ಪೇಟಿ ಬಾರಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಮಾಸ್ತರರಿಗೆ ರೇಡಿಯೊದ ಬಾಗಿಲು ಮುಚ್ಚಿಯೇ ಇತ್ತು.

ಒಳಗೆ ಹೋಗಲು ಇನ್ನೊಂದು ಬಾಗಿಲೂ ಇತ್ತು, ಧ್ವನಿ ಪರೀಕ್ಷೆ. ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮಂತ್ರಿಯಾದ ಮೇಲೆ, 1952ರಿಂದ ಇದು ಬಿಗಿಯಾಯಿತು. ಪಾಸಾದವರಿಗೆ ಬಿ, ಬಿ-ಹೈ, ಎ ಎಂದು ದರ್ಜೆ. ದರ್ಜೆಯಂತೆ ಸಂಭಾವನೆ. ಕಾರ್ಯಕ್ರಮ ಇದ್ದರೆ ಅಂಚೆಯಲ್ಲಿ ಕರಾರು ಪತ್ರ ಬರುವುದು: ಇಂಥ ದಿನ, ಇಂಥ ಹೊತ್ತು, ಇಷ್ಟು ನಿಮಿಷ, ಇಷ್ಟು ರೂಪಾಯಿ. ಜಾತ್ರೆಯಲ್ಲಿ ಬೆಳತನಕ ಹಾಡುವವರು ಹತ್ತು ಹದಿನೈದು ನಿಮಿಷಕ್ಕೆ ಹಾಡನ್ನು ಕತ್ತರಿಸಿ ಕೂಡಿಸಬೇಕು. ಕೆಂಪು ದೀಪ ಹತ್ತಿತೆಂದರೆ ಕೆಮ್ಮುವಂತಿಲ್ಲ. ಮೊದಮೊದಲು ಬಹುತೇಕ ಎಲ್ಲವೂ ನೇರ ಪ್ರಸಾರ, ತಪ್ಪಿದರೆ ತಪ್ಪಿದ್ದೇ ಊರಿಗೆಲ್ಲಾ ಕೇಳುವುದು.

ಹೊಸ ಅಂಗಿಯ ಹಾಡು

ಇದೇ ಕೇಸ್ಕರ್ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡನ್ನೂ ದೂರ ಇಟ್ಟಿತು. ಆದರೆ ಮಂದಿಗೆ ಸಂಜೆ ಹೊತ್ತು ಬರೀ ಖ್ಯಾಲು ಕೇಳಿಸಿದರೆ ಕೂಡುತ್ತಾರೆಯೇ? ಸಿನಿಮಾ ಹಾಡಿನ ಜಾಗಕ್ಕೆ ತನ್ನದೇ ಹಗುರ ಸಂಗೀತ ಬೇಕೆಂದು ಕೇಂದ್ರಗಳಲ್ಲಿ ಅದಕ್ಕೆ ವಿಭಾಗ ತೆರೆದರು. ಒಳ್ಳೆಯ ಕವಿತೆ, ರಾಗದ ನೆರಳಿರುವ ಸರಳ ಮಟ್ಟು, ಪಿಟೀಲು, ಕೊಳಲು, ಸಿತಾರ್, ತಬಲಾ. ಇದನ್ನೇ ಇಂದು ಸುಗಮ ಸಂಗೀತ ಎನ್ನುತ್ತೇವೆ. ಪಿ. ಕಾಳಿಂಗರಾಯರಂಥವರು ಕನ್ನಡ ಕವಿತೆಯನ್ನು ಹಾಡಾಗಿಸುವ ದಾರಿಯನ್ನು ಆಗಲೇ ತೋರಿಸಿದ್ದರು. ರೇಡಿಯೊ ಅದನ್ನು ದಿನದ ಊಟ ಮಾಡಿತು.

ಧಾರವಾಡಕ್ಕೆ ಈ ಕೆಲಸದಲ್ಲಿ ಬೇರೆ ಕೇಂದ್ರಗಳಿಗಿಲ್ಲದ ಅನುಕೂಲ ಇತ್ತು. ದ.ರಾ. ಬೇಂದ್ರೆ ಕೆಲವು ವರ್ಷ ಕೇಂದ್ರದ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ವಿನೋದ ಬರಹಗಾರ ಎನ್ಕೆ ಕುಲಕರ್ಣಿ ಅಲ್ಲೇ ನೌಕರಿಯಲ್ಲಿದ್ದರು. 'ಸಾವಿರ ಹಾಡಿನ ಸರದಾರ' ಎನಿಸಿದ ಹುಕ್ಕೇರಿ ಬಾಳಪ್ಪ ಅವರ ಭಾವಗೀತೆ, ಜಾನಪದ ಗೀತೆಗಳಿಗೆ ಹಳ್ಳಿಮಂದಿ ಕಾದು ಕೂಡುತ್ತಿದ್ದರು. ಬರೆಯುವವರು, ಹಾಡುವವರು, ಸರಿ ತಪ್ಪು ಹೇಳುವವರು ಒಂದೇ ಊರಲ್ಲಿ.

ನಮ್ಮ ತಾಲ್ಲೂಕುಗಳ ಪಾಲು ಇದರಲ್ಲಿ ಎಷ್ಟು ಎಂದು ನೋಡಿದರೆ ಹಾನಗಲ್ಲಿನದೇ ದೊಡ್ಡದು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಕಣ್ಣಿಲ್ಲದ ಆ ಹುಡುಗನ ದನಿ ಗುರುತಿಸಿ ಸಂಗೀತ ಕಲಿಯಲು ಕಳಿಸಿದವರು ಹಾನಗಲ್ ಕುಮಾರ ಸ್ವಾಮಿಗಳು. ಗವಾಯಿಗಳು 1944ರಲ್ಲೇ ತೀರಿಕೊಂಡರು, ಧಾರವಾಡ ರೇಡಿಯೊ ನೋಡಲಿಲ್ಲ. ಆದರೆ ಅವರ ಶಿಷ್ಯ ಬಸವರಾಜ ರಾಜಗುರು ಅವರ ವಚನ ಗಾಯನ, ರಂಗಗೀತೆಗಳನ್ನು ಕೇಳದ ರೇಡಿಯೊ ಈ ಭಾಗದಲ್ಲಿ ಇರಲಿಕ್ಕಿಲ್ಲ. ಅವರ ಇನ್ನೊಬ್ಬ ಶಿಷ್ಯ ಪುಟ್ಟರಾಜ ಗವಾಯಿಗಳೂ ಇದೇ ಸೀಮೆಯವರು, ಪೇಟಿಯಲ್ಲೂ ಪಳಗಿದ ಕೈ. ಇನ್ನು ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಮನೆತನದ ಮೂಲದ ಊರಿನ ಹೆಸರು ಮಾತ್ರ ಅವರ ಜೊತೆ ದೇಶ ಸುತ್ತಿತು. ಉದ್ಘೋಷಕರು ಅವರ ಹೆಸರು ಹೇಳಿದಾಗೆಲ್ಲಾ ಹಾನಗಲ್ ಎಂಬ ಮೂರಕ್ಷರ... ಸರಿಯಾಗಿ ಎಣಿಸಿದರೆ ನಾಲ್ಕು, ದಿಲ್ಲಿ, ಕಲಕತ್ತೆಯಲ್ಲೂ ಕೇಳುತ್ತಿತ್ತು.

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬಾಳಿದವರು. ಅವರ ಪದಗಳು ಬಾಯಿಂದ ಬಾಯಿಗೆ, ಮೇಳದಿಂದ ಮೇಳಕ್ಕೆ ಉಳಿದು ಬಂದವು. ಸಿ. ಅಶ್ವಥ್ ಅವರ ದನಿಯಲ್ಲಿ ಕ್ಯಾಸೆಟ್ಟಾಗಿ, 1990ರಲ್ಲಿ 'ಸಂತ ಶಿಶುನಾಳ ಶರೀಫ' ಸಿನಿಮಾ ಆಗಿ ಬೆಂಗಳೂರಿಗೆ ಅವು ಹೊಸದಾಗಿ ಕಂಡಿರಬಹುದು. ಶಿಗ್ಗಾಂವಿಯ ಭಜನಾ ಮೇಳಗಳಿಗೆ ಅದು ಮನೆ ಹಾಡು. ಸವಣೂರಿನ ಗೋಕಾಕರು ಬೇಂದ್ರೆಯವರ ಗೆಳೆಯರ ಗುಂಪಿನವರು, 1990ರ ಸಾಲಿನ ಜ್ಞಾನಪೀಠ ಪಡೆದವರು. ಹಿರೇಕೆರೂರು ಸೀಮೆಯ ಅಬಲೂರು ಸರ್ವಜ್ಞನ ಊರು ಎಂಬುದು ಪ್ರತೀತಿ. ತ್ರಿಪದಿ ರೇಡಿಯೊಕ್ಕೆ ಹೇಳಿ ಮಾಡಿಸಿದ ಅಳತೆ, ಎರಡು ಕಾರ್ಯಕ್ರಮದ ಸಂದಿಯಲ್ಲೂ ಒಂದು ಹಾಡಬಹುದು.

ಅತ್ತ ಸಿನಿಮಾ ಹಾಡು ಬಿಡದ ಮಂದಿ ಮುಳ್ಳು ತಿರುವಿದ್ದು ಸಿಲೋನಿಗೆ. 1952ರ ಡಿಸೆಂಬರ್‌ನಿಂದ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿ ಅವರ 'ಬಿನಾಕಾ ಗೀತಮಾಲಾ' ಬುಧವಾರ ರಾತ್ರಿಯ ವ್ರತವೇ ಆಯಿತು. ಹಿಂದಿ ಬಾರದ ಊರಲ್ಲೂ ಈ ವಾರ ಯಾವ ಹಾಡು ಮೊದಲ ನಂಬರು ಎಂದು ಪಂದ್ಯ. ಆಕಾಶವಾಣಿ ಸೋಲೊಪ್ಪಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿತು.

ಉಳಿದದ್ದೇನು

ಆ ಸಂಜೆಗಳ ಬಹುಪಾಲು ಹಾಡು ಇಂದು ಎಲ್ಲೂ ಇಲ್ಲ. ನೇರ ಪ್ರಸಾರ ಆದದ್ದು ಗಾಳಿಗೆ ಹೋಯಿತು. ಟೇಪು ಬಂದ ಮೇಲೂ ಅದು ದುಬಾರಿ ಸಾಮಾನು, ಒಮ್ಮೆ ಪ್ರಸಾರ ಆದದ್ದನ್ನು ಅಳಿಸಿ ಮತ್ತೆ ತುಂಬುವುದು ರೇಡಿಯೊ ಕೇಂದ್ರಗಳ ರೂಢಿ. ದೊಡ್ಡ ಹೆಸರಿನವರ ದನಿ ಸಂಗ್ರಹದಲ್ಲಿ ಉಳಿಯಿತು. ಹಳ್ಳಿ ಮೇಳಗಳದು ಉಳಿದದ್ದು ಕಡಿಮೆ.

ಆದ್ದರಿಂದ ಮನೆಯ ಟ್ರಂಕಿನಲ್ಲಿರುವ ಕಾಗದಕ್ಕೇ ಈಗ ಬೆಲೆ. ಅಜ್ಜನೋ ಅಜ್ಜಿಯೋ ಧಾರವಾಡಕ್ಕೆ ಹೋಗಿ ಹಾಡಿದ್ದರೆ, ಆ ಕರಾರು ಪತ್ರದಲ್ಲಿ ತಾರೀಖು, ಹೊತ್ತು, ಸಂಭಾವನೆ ಎಲ್ಲಾ ಇರುತ್ತದೆ. ಅಂಚೆ ಮುದ್ರೆಯ ಲೈಸೆನ್ಸು ಪುಸ್ತಕದಿಂದ ಯಾವ ವರ್ಷ ಯಾವ ಅಂಗಡಿಗೆ ರೇಡಿಯೊ ಬಂತು ಎಂಬುದು ಗೊತ್ತಾಗುತ್ತದೆ. ಗುಜರಿಗೆ ಹಾಕುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೂ ಆದೀತು. ಹಾಡಿದವರು ಇನ್ನೂ ಇದ್ದರೆ ಅವರಿಂದ ಆ ಹಾಡನ್ನೇ ಮತ್ತೊಮ್ಮೆ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಬಹುದು, ಪೇಟಿ ಸಮೇತ.

ಅಟ್ಟದ ಮೇಲೆ ಹಳೇ ಟ್ರಾನ್ಸಿಸ್ಟರ್ ಇದ್ದವರು ಸೆಲ್ಲು ಹಾಕಿ ಮೀಡಿಯಂ ವೇವಿನಲ್ಲಿ 765ರ ಸುತ್ತ ಮುಳ್ಳು ತಿರುವಿ ನೋಡಿ, ಅದು ಧಾರವಾಡದ ಜಾಗ. ದನಿ ಸಣ್ಣಗಿದ್ದರೆ ಸೆಟ್ಟನ್ನೇ ನಿಧಾನಕ್ಕೆ ಸುತ್ತ ತಿರುಗಿಸಿ. ಒಳಗಿರುವ ಕಪ್ಪು ಫೆರೈಟ್ ಕಡ್ಡಿಯೇ ಏರಿಯಲ್, ಅದರ ಮಗ್ಗುಲು ಧಾರವಾಡದ ಕಡೆ ಆದಾಗ ದನಿ ಜೋರಾಗುತ್ತದೆ, ತುದಿ ಅತ್ತ ಆದರೆ ಕುಗ್ಗುತ್ತದೆ. ಹತ್ತಿರದಲ್ಲಿ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಇದ್ದರೆ ಮೊದಲು ಬಂದ್ ಮಾಡಿ, ಗೊರಗೊರ ಸದ್ದಿನ ಅರ್ಧ ಅವುಗಳದ್ದೇ. ವಾಲ್ವ್ ಸೆಟ್ಟು ಇದ್ದರೆ ಮಾತ್ರ ನೇರ ಪ್ಲಗ್ಗಿಗೆ ಸಿಕ್ಕಿಸಬೇಡಿ. ಐವತ್ತು ವರ್ಷ ಸುಮ್ಮನಿದ್ದ ಕಂಡೆನ್ಸರ್ ಒಣಗಿರುತ್ತದೆ, ಕರೆಂಟು ಬಿದ್ದೊಡನೆ ಸಿಡಿಯಬಹುದು. ಕೆಲವು ಹಳೇ ಸೆಟ್ಟುಗಳ ಒಳಗಿನ ತಗಡಿಗೇ ಕರೆಂಟು ಹರಿಯುತ್ತದೆ. ಕೆಲಸ ಗೊತ್ತಿರುವ ರಿಪೇರಿಯವರ ಕೈಯಲ್ಲಿ ಕಂಡೆನ್ಸರ್ ಬದಲಿಸಿದ ಮೇಲೇ ಹಚ್ಚಬೇಕು.